ನೆಲದ ಬೆಲೆಯೂ ಜನರ ಮಾತೂ

ದೇವನಹಳ್ಳಿಯ ಕೋಟೆಯನ್ನು ಬಲ್ಲ ನಮ್ಮ ವಾಚಕರಿಗೆ ಒಂದು ಹಳೆಯ ಸಂಗತಿಯನ್ನು ಜ್ಞಾಪಿಸಬೇಕಾಗಿದೆ. 1791ನೆಯ ಮಾರ್ಚ್ ತಿಂಗಳಲ್ಲಿ ಬೆಂಗಳೂರನ್ನು ಹಿಡಿದ ಲಾರ್ಡ್ ಕಾರ್ನ್‌ವಾಲಿಸನು, ನಿಜಾಮನ ಕುದುರೆದಂಡನ್ನು ಕೂಡಿಕೊಳ್ಳಲು ಉತ್ತರಕ್ಕೆ ನಡೆದಾಗ, ಆ ಕೋಟೆಯು ಕಂಪೆನಿಯ ಕೈಸೇರಿತು. ಅಲ್ಲಿಯ ರೈತರ ಇಷ್ಟಾನಿಷ್ಟಗಳನ್ನು ಯಾರೂ ಕೇಳಲಿಲ್ಲ. ದಂಡಿನ ದಾರಿಯಲ್ಲಿ ಕೋಟೆಯಿದ್ದುದೇ ಸಾಕಾಯಿತು. ಹಾಗೆ ಕೇಳುವ ಪದ್ಧತಿಯು ಆಗಿನ ಯಾವ ಅರಸನಲ್ಲಿಯೂ ಇರಲಿಲ್ಲ.

ಆ ಕಾಲವು ಕಳೆಯಿತೆಂದು ಜಗತ್ತು ನಂಬಿತ್ತು. ಆದರೆ ಡೆನ್ಮಾರ್ಕ್ ರಾಜ್ಯಕ್ಕೆ ಸೇರಿದ, ಉತ್ತರ ಧ್ರುವದ ಸಮೀಪದ ಗ್ರೀನ್‌ಲೆಂಡ್ ದ್ವೀಪವು ತಮಗೆ ಬೇಕೆಂದು ಅಮೆರಿಕದ ಅಧ್ಯಕ್ಷ ಟ್ರಂಪರು 2019ರಲ್ಲಿ ಹೇಳಿದರು. 2025ರ ಜನವರಿಯಲ್ಲಿ ಬಲಪ್ರಯೋಗವನ್ನು ಅಲ್ಲಗಳೆಯಲೂ ಒಪ್ಪಲಿಲ್ಲ. ಇದು ಹೊಸ ಆಸೆಯಲ್ಲ. 1946ರಲ್ಲಿಯೇ ಟ್ರೂಮನ್ ಸರಕಾರವು 10 ಕೋಟಿ ಡಾಲರುಗಳ ಚಿನ್ನವನ್ನು ಅದಕ್ಕೆ ಬೆಲೆಯಾಗಿ ಕೊಡಬಂದಿತ್ತು.

ರಷ್ಯದಿಂದ ಅಮೆರಿಕಕ್ಕೆ ಆಕಾಶಮಾರ್ಗದ ಹತ್ತಿರದ ದಾರಿಯು ಆ ಕಡೆಯೇ ಹಾಯುವುದೆಂಬುದೂ, ಅಲ್ಲಿ ಬೆಲೆಯುಳ್ಳ ಖನಿಜಗಳಿವೆಯೆಂಬುದೂ ದಿಟ. ಆದರೆ ರಕ್ಷಣೆಯೇ ಉದ್ದೇಶವಾದರೆ ಒಡೆತನವೇಕೆ? 1951ರ ಒಪ್ಪಂದದಂತೆ ಅಮೆರಿಕಕ್ಕೆ ಅಲ್ಲಿ ಸೈನ್ಯದ ನೆಲೆಯುಂಟು. ಆ ನೆಲೆಯ ಸಲುವಾಗಿ 1953ರಲ್ಲಿ ತೂಲೆಯ ಇನುಯಿಟ್ ಬೇಟೆಗಾರರನ್ನು ಡೆನ್ಮಾರ್ಕ್ ಸರಕಾರವು ತಮ್ಮ ನೆಲದಿಂದ ಎಬ್ಬಿಸಿತು. ಒಡೆಯನೇ ಹೀಗೆ ಮಾಡಿದ ಮೇಲೆ, ಕೊಳ್ಳಬಂದವನನ್ನು ನಂಬುವುದು ಹೇಗೆ?

ಆ ವಿಶಾಲ ದ್ವೀಪದಲ್ಲಿರುವವರು ಸುಮಾರು 57,000 ಮಂದಿ. 2011ರ ಜನಗಣತಿಯ ಹೊಸಕೋಟೆ ಪಟ್ಟಣದಷ್ಟು ಜನ. ಸಂಖ್ಯೆ ಅಲ್ಪವಾದುದರಿಂದ ಹಕ್ಕೂ ಅಲ್ಪವಾಗಲಾರದು. ತಮ್ಮ ಭವಿಷ್ಯವನ್ನು ತಾವೇ ನಿರ್ಣಯಿಸುವ ಜನಾಂಗವೆಂದು 2009ರ ಡೆನ್ಮಾರ್ಕಿನ ಶಾಸನವೇ ಅವರನ್ನು ಮನ್ನಿಸಿದೆ.

ಪರರಿಗೆ ನೀತಿ ಹೇಳುವಾಗ ನಮ್ಮ ಮನೆಯನ್ನೂ ನೋಡಿಕೊಳ್ಳುವುದು ಧರ್ಮ. ವಿಮಾನ ಹಾಗೂ ರಕ್ಷಣಾ ಕೈಗಾರಿಕೆಗಳಿಗೆಂದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಮಿಯನ್ನು ವಶಪಡಿಸಿಕೊಳ್ಳಲು ನಮ್ಮ ಸರಕಾರವೇ ಹೊರಟಿತ್ತು. ರೈತರು ಮೂರು ವರ್ಷಗಳಿಗೂ ಮಿಕ್ಕಿ ಹೋರಾಡಿದ ಮೇಲೆ, 2025ರ ಜುಲೈ 15ರಂದು ಅದನ್ನು ಕೈಬಿಟ್ಟಿತು. ಸ್ವಇಚ್ಛೆಯಿಂದ ಕೊಡುವವರ ಭೂಮಿಯನ್ನು ಮಾತ್ರ ಕೊಳ್ಳುವುದಾಗಿ ಸಾರಿತು. ಪರರಾಷ್ಟ್ರದ ಆಕ್ರಮಣವೂ ಪ್ರಜೆಗಳು ಆರಿಸಿದ ಸರಕಾರದ ಕ್ರಮವೂ ಒಂದೇ ಎಂದು ನಾವು ಹೇಳುವುದಿಲ್ಲ. ಆದರೆ ಎರಡಕ್ಕೂ ಒರೆಗಲ್ಲು ಒಂದೇ: ನೆಲದಲ್ಲಿ ಬಾಳುವವರನ್ನು ಕೇಳಿದರೇ, ಇಲ್ಲವೇ?

ಕೇಳಬೇಕಾದುದನ್ನು ಮೊದಲೇ ಕೇಳಿದ್ದರೆ ನಮ್ಮ ರೈತರಿಗೆ ಮೂರು ವರ್ಷಗಳ ಸಂಕಟವು ತಪ್ಪುತ್ತಿತ್ತು. ಗ್ರೀನ್‌ಲೆಂಡಿನ ಜನರಿಗಾದರೂ ಆ ಮರ್ಯಾದೆಯು ಸಕಾಲದಲ್ಲಿ ಸಲ್ಲಲಿ. ಪರರ ದಾಸ್ಯವನ್ನುಂಡು ಬಿಡುಗಡೆಯಾದ ಭಾರತವು ಈ ಮಾತನ್ನು ಯಾರ ದಾಕ್ಷಿಣ್ಯಕ್ಕೂ ಒಳಗಾಗದೆ ಸ್ಪಷ್ಟವಾಗಿ ಆಡಬೇಕೆಂದು ನಾವು ಬಯಸುತ್ತೇವೆ.