ಗಾಯಾಳು ಆಟಗಾರನ ಆಯ್ಕೆ ಎಷ್ಟು ಸ್ವತಂತ್ರ?

ಒಪ್ಪಂದ ಮುಗಿದ ಬಾಸ್ಕೆಟ್‌ಬಾಲ್ ತಾರೆಯೊಬ್ಬರು ಪ್ರಬಲ ತಂಡವನ್ನು ಸೇರಿದರೆ ಅದನ್ನು ನಾವು ಪ್ರಶಸ್ತಿಯ ಮೋಹವೆಂದು ಜರೆಯುವುದುಂಟು. ಅಮೆರಿಕದ ಡಿಮಾರ್ಕಸ್ ಕಸಿನ್ಸ್ ಅವರ ಅನುಭವ ಬೇರೆಯದನ್ನೇ ಹೇಳುತ್ತದೆ.

2018ರ ಜನವರಿಯಲ್ಲಿ ಅವರ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಜುಲೈನಲ್ಲಿ ಅವರು ಹಾಲಿ ಚಾಂಪಿಯನ್ ಗೋಲ್ಡನ್ ಸ್ಟೇಟ್ ತಂಡವನ್ನು ಸೇರಿದ್ದು ಒಂದೇ ವರ್ಷಕ್ಕೆ, ಸುಮಾರು 53 ಲಕ್ಷ ಡಾಲರಿಗೆ. ಅವರಿಲ್ಲದೆಯೂ ಗೆಲ್ಲಬಲ್ಲ ತಂಡ ಮಾತ್ರವೇ ಅವರ ಚೇತರಿಕೆಗೆ ಕಾಯಬಲ್ಲುದಾಗಿತ್ತು. ಆದರೆ 2019ರ ಏಪ್ರಿಲ್‌ನಲ್ಲಿ ತೊಡೆಯ ಸ್ನಾಯುವಿಗೆ ಪೆಟ್ಟಾಯಿತು. ಫೈನಲ್‌ನಲ್ಲಿ ತಂಡ ಟೊರಾಂಟೊಗೆ ಮಣಿಯಿತು. ಲೇಕರ್ಸ್ ಸೇರಿದ ಬೆನ್ನಲ್ಲೇ, ಆಗಸ್ಟ್‌ನಲ್ಲಿ, ಮೊಣಕಾಲೂ ಕೈಕೊಟ್ಟಿತು.

2019ರ ಜೂನ್‌ನಲ್ಲಿ ಅಂಥದೇ ಹಿಮ್ಮಡಿಯ ಗಾಯವಾದ ಕೆವಿನ್ ಡುರಾಂಟ್ ಅವರಿಗಾದರೋ ಬ್ರೂಕ್ಲಿನ್ ತಂಡ ನಾಲ್ಕು ವರ್ಷಗಳ ಒಪ್ಪಂದವನ್ನೇ ನೀಡಿತು. ಗಾಯದ ಹೊರೆಯನ್ನು ತಂಡ ಹೊರುವುದೋ ಆಟಗಾರನೋ ಎಂಬುದನ್ನು ಮಾರುಕಟ್ಟೆಯೇ ತೀರ್ಮಾನಿಸುವಾಗ, ಆ ಆಯ್ಕೆಯನ್ನು ಬರೀ ಆಸೆಯೆನ್ನುವುದು ನ್ಯಾಯವಲ್ಲವೆಂದು ನಾವು ಭಾವಿಸುತ್ತೇವೆ.