ಬಿಸಿ ಆರುವ ಮುನ್ನ

ತಾರಸಿಯ ಮೇಲಿನ ಸೌರಫಲಕವನ್ನು ಮುಟ್ಟಿ ಕೈ ಹಿಂದೆಗೆದ ನನ್ನ ಸೋದರಳಿಯ ಕೇಳಿದನು: "ಮಾವಾ, ಬೆಳಕನ್ನು ಕರೆಂಟು ಮಾಡುವುದಾದರೆ ಇದು ಇಷ್ಟು ಬಿಸಿಯಾಗುವುದೇಕೆ?" ಒಂಬತ್ತನೆಯ ತರಗತಿಯವನ ಪ್ರಶ್ನೆ, ಆದರೆ ವಿಜ್ಞಾನಿಗಳನ್ನು ದಶಕಗಳಿಂದ ಕಾಡುತ್ತಿರುವ ಪ್ರಶ್ನೆಯೂ ಹೌದು.

ಸಿಲಿಕಾನಿನಲ್ಲಿ ಒಂದು ಇಲೆಕ್ಟ್ರಾನನ್ನು ಬಂಧದಿಂದ ಬಿಡಿಸಲು ಸುಮಾರು 1.1 ಇಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು. ನೀಲಿ ಬೆಳಕಿನ ಕಣವಾದರೋ 2.7ರಷ್ಟನ್ನು ಹೊತ್ತು ತರುತ್ತದೆ. ಹೆಚ್ಚುವರಿ ಶಕ್ತಿ ಪಡೆದ ಇಲೆಕ್ಟ್ರಾನನ್ನು 'ಬಿಸಿ ಇಲೆಕ್ಟ್ರಾನ್' ಎನ್ನುತ್ತಾರೆ. ಆದರೆ ಸುಮಾರು ಒಂದು ಪಿಕೋಸೆಕೆಂಡಿನಲ್ಲಿ, ಎಂದರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲಿನಲ್ಲಿ, ಅದು ಆ ಹೆಚ್ಚುವರಿಯನ್ನೆಲ್ಲ ಸ್ಫಟಿಕದ ಪರಮಾಣುಗಳ ಕಂಪನಕ್ಕೆ ಒಪ್ಪಿಸಿ ತಣ್ಣಗಾಗುತ್ತದೆ. ಅಳಿಯನ ಕೈ ಸುಟ್ಟುದರಲ್ಲಿ ಈ ಕಂಪನದ ಪಾಲೂ ಇದೆ. ಒಂದೇ ಪದರದ ಸೌರಕೋಶದ ದಕ್ಷತೆ ಶೇ. 33ರ ಆಸುಪಾಸನ್ನು ದಾಟಲಾರದು ಎಂಬುದಕ್ಕೆ ಇದೊಂದು ಮುಖ್ಯ ಕಾರಣ. ಇಂತಹ ಮಿತಿಯನ್ನು ಶಾಕ್ಲಿ ಮತ್ತು ಕ್ವೈಸರ್ 1961ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಬಿಸಿ ಆರುವ ಮುನ್ನವೇ ಇಲೆಕ್ಟ್ರಾನುಗಳನ್ನು ಹೊರಸೆಳೆದರೆ ದಕ್ಷತೆ ಶೇ. 66ರವರೆಗೂ ಏರಬಹುದೆಂದು 1982ರಲ್ಲಿ ರಾಸ್ ಮತ್ತು ನೋಜಿಕ್ ಪ್ರತಿಪಾದಿಸಿದರು.

ಇಲ್ಲಿಗೆ ಪೆರೋವ್‌ಸ್ಕೈಟಿನ ಪ್ರವೇಶ. 2009ರಲ್ಲಿ ಜಪಾನಿನ ಮಿಯಾಸಾಕಾ ಅವರ ತಂಡ ಈ ಬಗೆಯ ಸ್ಫಟಿಕದಿಂದ ಮಾಡಿದ ಕೋಶದ ದಕ್ಷತೆ ಬರೀ ಶೇ. 3.8, ಇಂದು ಪ್ರಯೋಗಾಲಯದ ಸಣ್ಣ ಕೋಶಗಳು ಶೇ. 25ನ್ನು ಮೀರಿವೆ. ಅದಕ್ಕಿಂತ ಸ್ವಾರಸ್ಯದ ಸಂಗತಿಯೆಂದರೆ, ಇದರಲ್ಲಿ ಇಲೆಕ್ಟ್ರಾನುಗಳು ನಿಧಾನವಾಗಿ ತಣಿಯುತ್ತವೆ. ಪೆರೋವ್‌ಸ್ಕೈಟ್ ಶಾಖವನ್ನು ಬಹಳ ಮಂದವಾಗಿ ಸಾಗಿಸುತ್ತದೆ. ಒಮ್ಮೆಲೇ ಬಹಳಷ್ಟು ಇಲೆಕ್ಟ್ರಾನುಗಳು ಕೆರಳಿದಾಗ, ಅವು ಕೊಟ್ಟ ಕಂಪನ ಚದರಿಹೋಗದೆ ಅಲ್ಲಿಯೇ ಉಳಿದು, ಭಾಗಶಃ ಅವುಗಳಿಗೇ ಮರಳುತ್ತದೆ. ಬೈಹುಲ್ಲಿನ ನಡುವೆ ಇರಿಸಿದ ಗಂಜಿಯ ಪಾತ್ರೆ ಬೇಗ ಆರದಂತೆ. ಹೀಗೆ ಹತ್ತಾರು ಪಿಕೋಸೆಕೆಂಡುಗಳ ಬಿಡುವು ದೊರೆಯುತ್ತದೆ. ತವರ ಬೆರೆತ ಒಂದು ಬಗೆಯಲ್ಲಿ ಬಿಸಿ ಕೆಲವು ನ್ಯಾನೋಸೆಕೆಂಡುಗಳವರೆಗೆ, ಎಂದರೆ ಸಾವಿರಾರು ಪಿಕೋಸೆಕೆಂಡುಗಳ ಕಾಲ, ಉಳಿದುದನ್ನು ನೆದರ್ಲೆಂಡ್ಸಿನ ಗ್ರೋನಿಂಗನ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ವರದಿ ಮಾಡಿದರು. ನ್ಯಾಯಾಲಯದಲ್ಲಿ ವಿಳಂಬವನ್ನು ದಿನವೂ ಶಪಿಸುವ ನಾನು ಇಲ್ಲಿ ಮಾತ್ರ ಅದನ್ನು ಮೆಚ್ಚಬೇಕಾಯಿತು!

ಆದರೆ ವಾದ ಬೇರೆ, ರುಜುವಾತು ಬೇರೆ. ಪ್ರಯೋಗಗಳಲ್ಲಿ ಬಳಸುವ ಲೇಸರಿನ ಮಿಡಿತಗಳು ಸಾಮಾನ್ಯ ಬಿಸಿಲಿಗಿಂತ ಬಹಳ ತೀವ್ರ. ಮಂದ ಬೆಳಕಿನಲ್ಲಿ ಬಿಸಿ ಬೇಗನೆ ಆರುತ್ತದೆ. ಬಿಸಿ ಇಲೆಕ್ಟ್ರಾನುಗಳನ್ನಷ್ಟೇ ಆರಿಸಿ ಹೊರಬಿಡುವ ಸಂಪರ್ಕಪದರವೂ ಬೇಕು. ಅದನ್ನು ಕಟ್ಟುವುದೇ ಎಲ್ಲಕ್ಕಿಂತ ಕಠಿಣ. ತೇವಕ್ಕೆ ಪೆರೋವ್‌ಸ್ಕೈಟ್ ಹಾಳಾಗುತ್ತದೆ, ಹೆಚ್ಚಿನ ಬಗೆಗಳಲ್ಲಿ ಸೀಸವಿದೆ. ಶೇ. 66 ಎಂಬುದು ಸದ್ಯಕ್ಕೆ ಕಾಗದದ ಮೇಲಿನ ಅಂಕಿ. ಆ ಅಂಕಿಯನ್ನು ಹೇಳಿ ಯಾರಾದರೂ ನಿಮ್ಮ ಮನೆಗೆ ಫಲಕ ಮಾರಲು ಬಂದರೆ, ದಯವಿಟ್ಟು ಪರೀಕ್ಷಾ ವರದಿಯನ್ನು ಕೇಳಿರಿ.

ಇಷ್ಟನ್ನೂ ಕೇಳಿದ ಅಳಿಯ ಪುನಃ ಫಲಕವನ್ನು ಮುಟ್ಟಿ ನೋಡಿದನು. "ಹಾಗಾದರೆ ಆ ಬಾಗಿಲನ್ನು ಯಾವುದರಿಂದ ಮಾಡಬೇಕು, ಮಾವಾ?" ಎಂದನು.