ಡ್ರಿಪ್ಪಿಗೆ ಆಸಿಡ್ ಬಿಡೋ ನಾವು ರೇಡಿಯೇಟರಿಗೆ ಬೋರ್ ನೀರು ಹುಯ್ಯೋದ್ಯಾಕೆ?

ಇವತ್ತು ಬೆಳೆ ವಿಷಯ ಅಲ್ಲ, ಬೆಳೆ ಹೊತ್ತೊಯ್ಯೋ ಗಾಡಿ ವಿಷಯ. ಸ್ವಲ್ಪ ಕೋಪದಲ್ಲೇ ಬರೀತಿದೀನಿ. ಅರ್ಧ ಕೋಪ ನನ್ನ ಮೇಲೇ.

ಹೋದ ವಾರ, ಹಿಂದಿನ ಸೀಟು ಬಿಚ್ಚಿದ ನನ್ನ ಹಳೇ ಪೆಟ್ರೋಲ್ ಕಾರಲ್ಲಿ ಕೊತ್ತಂಬರಿ, ಸಬ್ಬಸಿಗೆ ತುಂಬ್ಕೊಂಡು ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಹೊರಟೆ. ಕೊಯ್ಲು ತಡವಾಗಿ ಹೊಸಕೋಟೆ ದಾಟಿದಾಗ್ಲೇ ಎಂಟು ಗಂಟೆ. ಬೂದಿಗೆರೆ ಕ್ರಾಸ್, ಭಟ್ಟರಹಳ್ಳಿವರೆಗೂ ಮೀಟರ್ ಮುಳ್ಳು ಮಧ್ಯದಲ್ಲೇ ಇತ್ತು. ಕೆ.ಆರ್.ಪುರ ತೂಗುಸೇತುವೆ ಹತ್ತಿರ ಗಾಡಿ ತೆವಳೋಕೆ ಶುರುವಾಯ್ತು, ಮುಳ್ಳು ಹತ್ತೋಕೆ ಶುರುವಾಯ್ತು. ಟಿನ್ ಫ್ಯಾಕ್ಟರಿ ಹತ್ರ ಕೆಂಪು ಗೆರೆ. ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿದೆ.

ಹತ್ತಿರದ ಗ್ಯಾರೇಜಿನವರು ಬಾನೆಟ್ ಎತ್ತಿ ಇಣುಕಿದ್ರು ಅಷ್ಟೇ. "ಹೆಡ್ ಗ್ಯಾಸ್ಕೆಟ್ ಹೋಗಿದೆ, 18 ಸಾವಿರ ಆಗುತ್ತೆ. ಸದ್ಯಕ್ಕೆ ಥರ್ಮೋಸ್ಟಾಟ್ ಕಿತ್ತು ಬಿಸಾಕೋಣ" ಅಂದ್ರು. ಎಲೆ ನೋಡದೆ ಮೂರು ಬಾಟಲಿ ಔಷಧಿ ಕೊಡೋ ಅಂಗಡಿ ನೆನಪಾಯ್ತು ನಂಗೆ.

ಒಂದು ನಿಮಿಷ ಯೋಚನೆ ಮಾಡಿ. ಖಾಲಿ ರಸ್ತೇಲಿ ಬಿಸಿ ಆಗದ ಇಂಜಿನ್ನು ಜಾಮಲ್ಲಿ ಮಾತ್ರ ಬಿಸಿ ಆದ್ರೆ ಮೊದಲ ಅನುಮಾನ ಗಾಳಿ ಮೇಲೆ. ಓಡುವಾಗ ರೇಡಿಯೇಟರಿಗೆ ಎದುರುಗಾಳಿ ಸಿಗುತ್ತೆ, ನಿಂತಾಗ ಫ್ಯಾನೇ ಗತಿ. ನೋಡಿದ್ರೆ ಇಂಜಿನ್ ಕಾದಿದ್ರೂ ಫ್ಯಾನ್ ತಿರುಗ್ತಾನೇ ಇಲ್ಲ. ನನ್ನ ಕಾರಲ್ಲಿ ಹಾರ್ನ್ ರಿಲೇನೂ ಫ್ಯಾನ್ ರಿಲೇನೂ ಒಂದೇ ಥರದ್ದು. ಅದನ್ನ ಕಿತ್ತು ಇಲ್ಲಿಗೆ ಹಾಕಿದೆ, ಫ್ಯಾನ್ ತಿರುಗ್ತು. ಹೊಸ ರಿಲೇಗೆ ಆಗಿದ್ದು 250 ರೂಪಾಯಿ. ಅಷ್ಟರಲ್ಲಿ ಸೊಪ್ಪು ಬಾಡಿ, ವಾಪಸ್ ಕೆ.ಆರ್.ಪುರ ಮಾರ್ಕೆಟ್‌ಗೆ ತಂದು ಬಂದಷ್ಟಕ್ಕೆ ಕೊಟ್ಟೆ.

ಇನ್ನು ಥರ್ಮೋಸ್ಟಾಟ್. ಸುಮಾರು 82ರಿಂದ 88 ಡಿಗ್ರಿಗೆ ಬಾಯಿ ಬಿಡೋ ವಾಲ್ವ್ ಅದು. ಅದನ್ನ ಕಿತ್ರೆ ಇಂಜಿನ್ ತಡವಾಗಿ ಬಿಸಿ ಏರುತ್ತೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಕೆಲವು ಇಂಜಿನ್‌ಗಳಲ್ಲಿ ಬೈಪಾಸ್ ದಾರಿ ಮುಚ್ಚೋದೂ ಅದೇ ವಾಲ್ವ್. ಅದಿಲ್ದಿದ್ರೆ ಬಿಸಿ ನೀರು ರೇಡಿಯೇಟರ್‌ಗೆ ಹೋಗದೆ ಇಂಜಿನ್ನಲ್ಲೇ ಸುತ್ತುತ್ತೆ. ಅನುಮಾನ ಇದ್ರೆ ಬಿಚ್ಚಿ ಪಾತ್ರೆ ನೀರಲ್ಲಿ ಹಾಕಿ ಒಲೆ ಮೇಲಿಡಿ. ಕುದಿ ಬರೋದ್ರೊಳಗೆ ಬಾಯಿ ಬಿಡದಿದ್ರೆ ಬದಲಾಯಿಸಿ. ಕಿತ್ತು ಬಿಸಾಕ್ಬೇಡಿ.

ಗ್ಯಾಸ್ಕೆಟ್ ಹೋಗಿದೆ ಅನ್ನೋರಿಗೆ ಗುರುತು ತೋರಿಸಿ ಅನ್ನಿ. ಆಯಿಲ್ ಮುಚ್ಚಳದಡಿ ಹಾಲುಚಹಾ ಬಣ್ಣದ ಗಸಿ ಇದೆಯಾ? ತಣ್ಣಗಿರೋವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದ್ರೆ ಗುಳ್ಳೆ ನಿಲ್ಲದೆ ಬರ್ತಾವಾ? ಸೈಲೆನ್ಸರಲ್ಲಿ ಬಿಳಿ ಹೊಗೆ ನಿಲ್ತಾನೇ ಇಲ್ವಾ? ಎಲ್ಲೂ ಸೋರದೆ ಕೂಲೆಂಟ್ ಕಮ್ಮಿ ಆಗ್ತಿದೆಯಾ? ಒಂದೂ ಇಲ್ಲದೆ ಹೆಡ್ ಬಿಚ್ಚೋಕೆ ಬಿಡಬೇಡಿ. ಒಳ್ಳೆ ಮೆಕ್ಯಾನಿಕ್ ಕೇಳಿದ್ರೆ ಬೇಜಾರು ಮಾಡ್ಕೊಳಲ್ಲ, ತೋರಿಸ್ತಾನೆ. ಅಂಥೋರು ನಮ್ಮ ಕಡೇನೂ ಇದಾರೆ.

ಈಗ ನನ್ನ ತಪ್ಪು. ಮಾರನೇ ದಿನ ಇಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಕ್ಯಾಪ್ ತೆಗೆದೆ. ಒಳಗೆ ತುಕ್ಕುಬಣ್ಣದ ನೀರು, ಕುತ್ತಿಗೇಲಿ ಬಿಳಿ ಸುಣ್ಣದ ಪೊರೆ. ನಾಲ್ಕು ವರ್ಷದಿಂದ ಮೋಟರ್ ಮನೆ ಪೈಪಿಂದಲೇ ತುಂಬಿಸ್ತಿದ್ದೆ. ಇದೇ ನೀರಿಂದ ಡ್ರಿಪ್ ಲ್ಯಾಟರಲ್ ಕಟ್ಟುತ್ತೆ ಅಂತ ಆಸಿಡ್ ಬಿಡ್ತೀವಿ. ಹಾಲುಂಡೆ ಪಾತ್ರೇಲಿ ಸುಣ್ಣ ಕಟ್ಟಿದ್ದನ್ನ ದಿನಾ ನೋಡ್ತೀವಿ. ರೇಡಿಯೇಟರ್ ಕೊಳವೆ ಅದಕ್ಕಿಂತ ಸಣ್ಣದು, ಯೋಚನೆ ಮಾತ್ರ ಮಾಡಲ್ಲ. (ಡ್ರಿಪ್ ಆಸಿಡ್ಡನ್ನೇ ರೇಡಿಯೇಟರಿಗೆ ಹುಯ್ಯೋ ಬುದ್ಧಿವಂತಿಕೆ ಬೇಡ. ಅಲ್ಯೂಮಿನಿಯಂ ತಿಂದುಹಾಕುತ್ತೆ.)

"ನಮ್ಮಪ್ಪ ಅಂಬಾಸಿಡರ್‌ಗೆ ಕೆರೆ ನೀರೇ ಹಾಕ್ತಿದ್ದ" ಅಂತ ಕೆಲವರು ವಾದ ಮಾಡ್ತಾರೆ. ಸರಿ. ಆ ರೇಡಿಯೇಟರ್ ತಾಮ್ರ-ಹಿತ್ತಾಳೇದು, ಕಟ್ಟಿದ್ರೆ ಬಿಚ್ಚಿ ಕ್ಲೀನ್ ಮಾಡಿ ಬೆಸುಗೆ ಹಾಕ್ತಿದ್ರು. ಕೆರೆ ನೀರು ಮಳೆ ನೀರು. ಈಗಿನದು ತೆಳು ಅಲ್ಯೂಮಿನಿಯಂ, ನೀರು ಸಾವಿರ ಅಡಿ ಕೆಳಗಿಂದ ಬಂದದ್ದು. ಗಾಡೀನೂ ಬದಲಾಯ್ತು, ನೀರೂ ಬದಲಾಯ್ತು. ವಾದ ಮಾತ್ರ ಹಳೇದೇ.

ಕೂಲೆಂಟ್ ದುಬಾರಿ ಅನ್ನೋರಿಗೆ ಒಂದು ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ತೆರೆದ ಪಾತ್ರೆ ನೀರು ಇಲ್ಲಿ 97 ಡಿಗ್ರಿಗೇ ಕುದಿಯುತ್ತೆ. ಇಂಜಿನ್ ನಡೆಯೋದೇ 90ರ ಆಸುಪಾಸು. ಕ್ಯಾಪ್ ಒತ್ತಡ ಹಿಡಿಯೋದ್ರಿಂದ ಮತ್ತು ಕೂಲೆಂಟ್ ಇರೋದ್ರಿಂದ ಕುದಿಯೋ ಮಟ್ಟ 115-120 ದಾಟುತ್ತೆ. ಕ್ಯಾಪಿನ ರಬ್ಬರ್ ಒಣಗಿದ್ರೆ ಆ ರಕ್ಷಣೆ ಹೋಯ್ತು. ಅರ್ಧ ಕೂಲೆಂಟ್, ಅರ್ಧ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್, ಸಾಕು. ಮೊದಲೇ ಬೆರೆಸಿದ ಕ್ಯಾನ್ ಆದ್ರೆ ನೀರು ಸೇರಿಸಬೇಡಿ. ದಾರೀಲಿ ಕೆಟ್ರೆ ಯಾವ ನೀರಾದ್ರೂ ಸರಿ, ಆದ್ರೆ ಊರಿಗೆ ಬಂದ ಮೇಲೆ ಚೆಲ್ಲಿ ತೊಳೀರಿ.

ಡೀಸೆಲ್ ಪಿಕಪ್ ಇರೋರು ಫ್ಯಾನ್ ಬೆಲ್ಟ್ ಬಿಗಿ ನೋಡಿ. ರಾಗಿ ಒಕ್ಕಣೆ ಆದ್ಮೇಲೆ ಜಾಲರಿಯಲ್ಲಿ ಹೊಟ್ಟು ತುಂಬಿರುತ್ತೆ, ಒಳಗಿಂದ ಹೊರಕ್ಕೆ ನೀರು ಬಿಟ್ಟು ತೊಳೀರಿ. ಜಾಮಲ್ಲಿ ಮುಳ್ಳು ಏರಿದ್ರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ. ನಿಮಗೆ ಸೆಕೆ, ಇಂಜಿನ್ನಿಗೆ ತಂಪು. ಆದ್ರೂ ಇಳೀದಿದ್ರೆ ನಿಲ್ಲಿಸಿ. ಬಿಸಿ ಇರೋವಾಗ ಕ್ಯಾಪ್ ಮುಟ್ಟಬೇಡಿ, ಮುಖ ಸುಟ್ಟುಕೊಂಡೋರಿದಾರೆ.

ಗಾಡಿ ಕೆಟ್ಟ ದಿನ ಹೋಗೋದು ರಿಪೇರಿ ದುಡ್ಡೊಂದೇ ಅಲ್ಲ, ಆ ದಿನದ ಸೊಪ್ಪೂ ಹೋಗುತ್ತೆ. ಇವತ್ತು ಸಂಜೆ ಗಾಡಿ ತಣ್ಣಗಾದ ಮೇಲೆ ಕ್ಯಾಪ್ ತೆಗೆದು ಒಂದು ಸಲ ಒಳಗೆ ನೋಡಿ. ಬಿಳಿ ಪೊರೆ ಕಂಡ್ರೆ ತಪ್ಪು ಮೆಕ್ಯಾನಿಕ್‌ದಲ್ಲ, ನಮ್ದೇ.